ಸರೀಸೃಪಗಳು: ಲಕ್ಷಣಗಳು ಹಾಗೂ ಇತರ ಪ್ರಾಣಿಗಳಿಂದ ಅವುಗಳ ಭಿನ್ನತೆ

ಪೀಠಿಕೆ

ಹಾವು, ಹಲ್ಲಿ, ಓತಿಕ್ಯಾತ, ಉಡ, ಆಮೆ ಹಾಗೂ ಮೊಸಳೆಗಳನ್ನು ಒಟ್ಟಾಗಿ ಸರೀಸೃಪಗಳೆಂದು ಕರೆಯಲಾಗುತ್ತದೆ. ‘ಸೃಪ್’ ಎಂಬ ಸಂಸ್ಕೃತ ಧಾತುವಿಗೆ ತೆವಳು, ಹರಿದಾಡು ಎಂಬ ಅರ್ಥವಿದ್ದು, ‘ಸರ್ಪ’ ಎಂಬ ಶಬ್ದವೂ ಅದರಿಂದಲೇ ನಿಷ್ಪನ್ನವಾಗಿದೆ. ಆದರೆ ತೆವಳುವುದೊಂದೇ ಈ ವರ್ಗದ ಗುರುತಲ್ಲ. ಎರೆಹುಳುವೂ ತೆವಳುತ್ತದೆ. ಮೊಸಳೆಯು ಹೊಟ್ಟೆಯನ್ನು ನೆಲದಿಂದ ಮೇಲೆತ್ತಿ ನಡೆಯಬಲ್ಲದು. ಕಡಲಾಮೆಯು ತನ್ನ ಆಯುಷ್ಯದ ಬಹುಭಾಗವನ್ನು ಈಜುವುದರಲ್ಲಿಯೇ ಕಳೆಯುತ್ತದೆ.

ಪ್ರಪಂಚದಲ್ಲಿ ಇದುವರೆಗೆ 12,000ಕ್ಕೂ ಅಧಿಕ ಪ್ರಭೇದದ ಸರೀಸೃಪಗಳು ಗುರುತಿಸಲ್ಪಟ್ಟಿವೆ. ಇವುಗಳ ಪೈಕಿ 11,000ಕ್ಕೂ ಹೆಚ್ಚು ಪ್ರಭೇದಗಳು ಹಲ್ಲಿ ಮತ್ತು ಹಾವುಗಳ ಗಣಕ್ಕೆ ಸೇರಿದವು. ಆಮೆಗಳು ಸುಮಾರು 360 ಪ್ರಭೇದಗಳಿದ್ದು, ಮೊಸಳೆಗಳ ಗಣದಲ್ಲಿ 30ಕ್ಕಿಂತ ಕಡಿಮೆ ಪ್ರಭೇದಗಳಿವೆ. ನಾಲ್ಕನೆಯ ಗಣದಲ್ಲಿ ಉಳಿದಿರುವುದು ನ್ಯೂಜಿಲೆಂಡಿನ ಟುವಟಾರಾ ಎಂಬ ಒಂದೇ ಪ್ರಾಣಿ. ನೋಟಕ್ಕೆ ಅದು ಹಲ್ಲಿಯಂತೆಯೇ ಇದ್ದರೂ ಹಲ್ಲಿಯಲ್ಲ.

ನಮ್ಮ ರಾಜ್ಯದಲ್ಲಿ ಸಾರ್ವಜನಿಕರು ಸರೀಸೃಪಗಳನ್ನು ಹೆಚ್ಚಾಗಿ ಎದುರುಗೊಳ್ಳುವುದು ಹೊಲ, ತೋಟ, ಕೊಟ್ಟಿಗೆ ಹಾಗೂ ಮನೆಯಂಗಳಗಳಲ್ಲಿ. ಗುರುತಿಸಲು ಬಾರದ ಕಾರಣ ನಿರಪಾಯಕಾರಿಯಾದ ಹಾವುಗಳು ದೊಡ್ಡ ಸಂಖ್ಯೆಯಲ್ಲಿ ಹತವಾಗುತ್ತವೆ. ವಿಷದ ಹಾವು ಕಚ್ಚಿದಾಗ ಆಸ್ಪತ್ರೆಗೆ ಹೋಗುವಲ್ಲಿ ವಿಳಂಬವಾಗಿ ಮನುಷ್ಯರ ಪ್ರಾಣವೂ ಹೋಗುತ್ತದೆ. ಈ ಎರಡೂ ಸಂಗತಿಗಳನ್ನು ಗಮನದಲ್ಲಿರಿಸಿಕೊಂಡು ಮುಂದಿನ ಮಾಹಿತಿಯನ್ನು ನೀಡಲಾಗಿದೆ.

ಚರ್ಮದ ರಚನೆ

ಸರೀಸೃಪಗಳ ಚರ್ಮವು ಒಣಗಿದ್ದು, ಹುರುಪೆಗಳಿಂದ ಆವೃತವಾಗಿರುತ್ತದೆ. ಹಾವನ್ನು ಮುಟ್ಟಿದರೆ ಲೋಳೆಯಾಗಿ ಅಂಟಿಕೊಳ್ಳುತ್ತದೆ ಎಂಬುದು ಮುಟ್ಟದವರ ಮಾತು. ಈ ಹುರುಪೆಗಳು ಕೆರಟಿನ್ ಎಂಬ ವಸ್ತುವಿನಿಂದಾಗಿದ್ದು, ನಮ್ಮ ಉಗುರು ಮತ್ತು ಕೂದಲುಗಳೂ ಇದೇ ಬಗೆಯ ವಸ್ತುವಿನಿಂದ ರಚಿತವಾಗಿವೆ. ಮೀನಿಗೂ ಹುರುಪೆಗಳಿರುತ್ತವೆಯಾದರೂ ಅವು ಚರ್ಮದೊಳಗೆ ಹುದುಗಿದ ಬಿಡಿಬಿಡಿಯಾದ ತೆಳು ಬಿಲ್ಲೆಗಳು. ಚಾಕುವಿನಿಂದ ಹೆರೆದರೆ ಉದುರುತ್ತವೆ. ಹಾವಿನ ಹುರುಪೆ ಹಾಗೆ ಉದುರುವುದಿಲ್ಲ, ಏಕೆಂದರೆ ಅದು ಚರ್ಮದ ಹೊರಪದರದ್ದೇ ಮಡಿಕೆ. ಹೊರಪದರವು ಹಳತಾದಾಗ ಹಾವು ಅದನ್ನು ಇಡಿಯಾಗಿ ಪೊರೆಯ ರೂಪದಲ್ಲಿ ಕಳಚುತ್ತದೆ. ಹಲ್ಲಿ, ಓತಿಗಳಲ್ಲಿ ಅದು ತುಂಡುತುಂಡಾಗಿ ಸುಲಿದುಹೋಗುತ್ತದೆ. ಹಾವಿನ ಕಣ್ಣಿಗೆ ರೆಪ್ಪೆಯಿಲ್ಲ. ಅದರ ಬದಲು ಪಾರದರ್ಶಕವಾದ ಒಂದು ಹುರುಪೆಯಿದ್ದು, ಪೊರೆ ಬಿಡುವ ಮುನ್ನ ಅದು ಮಸುಕಾಗುವುದರಿಂದ ಆ ಕೆಲವು ದಿನ ಹಾವಿನ ದೃಷ್ಟಿ ಮಂದವಾಗಿರುತ್ತದೆ.

ಕಪ್ಪೆ ಮೊದಲಾದ ಉಭಯಚರಗಳಿಂದ ಸರೀಸೃಪಗಳನ್ನು ಬೇರ್ಪಡಿಸುವ ಮುಖ್ಯ ಗುರುತು ಇದೇ ಆಗಿದೆ. ಕಪ್ಪೆಯ ತೇವಭರಿತ ಚರ್ಮದ ಮೂಲಕ ನೀರೂ ಗಾಳಿಯೂ ಒಳಹೊರಗೆ ಸಾಗುತ್ತವೆ. ಆದ್ದರಿಂದ ಕಪ್ಪೆ ಒಣಹವೆಯನ್ನು ಬಹಳ ಹೊತ್ತು ತಾಳಲಾರದು. ಸರೀಸೃಪವು ಉಸಿರಾಟಕ್ಕೆ ಪ್ರಧಾನವಾಗಿ ಶ್ವಾಸಕೋಶವನ್ನೇ ಅವಲಂಬಿಸಿದ್ದು, ದೇಹದ ನೀರನ್ನು ಜೋಪಾನವಾಗಿ ಉಳಿಸಿಕೊಳ್ಳುತ್ತದೆ. ಮನೆಯ ಗೋಡೆಯ ಮೇಲೆ ಬೀಳುವ ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿಯ ಚುಕ್ಕೆಯೊಂದನ್ನು ಎಲ್ಲರೂ ನೋಡಿರುತ್ತಾರೆ. ಅದು ಹಲ್ಲಿಯ ಮೂತ್ರ. ನಾವು ನೀರಿನಲ್ಲಿ ಕರಗಿಸಿ ಹೊರಹಾಕುವ ಕಶ್ಮಲವನ್ನು ಅದು ಯೂರಿಕ್ ಆಮ್ಲದ ರೂಪದಲ್ಲಿ, ನೀರನ್ನು ವ್ಯಯ ಮಾಡದೆ, ಬಹುತೇಕ ಗಟ್ಟಿಯಾಗಿಯೇ ವಿಸರ್ಜಿಸುತ್ತದೆ.

ಇವೆರಡು ವರ್ಗಗಳ ಭೇದವನ್ನು ವಿಜ್ಞಾನಿಗಳೂ ಬಹುಕಾಲ ಅರಿತಿರಲಿಲ್ಲ. 1758ರಲ್ಲಿ ಕಾರ್ಲ್ ಲಿನೇಯಸ್ ಪ್ರಾಣಿಗಳನ್ನು ವರ್ಗೀಕರಿಸಿದಾಗ ಕಪ್ಪೆ, ಹಾವು, ಆಮೆ ಎಲ್ಲವನ್ನೂ ಒಂದೇ ವರ್ಗದಲ್ಲಿ ಸೇರಿಸಿದ್ದನು.

ಮೊಟ್ಟೆ ಮತ್ತು ಸಂತಾನ

ಚರ್ಮಕ್ಕಿಂತಲೂ ಮಹತ್ವದ ಭೇದವು ಮೊಟ್ಟೆಯಲ್ಲಿದೆ. ಕಪ್ಪೆಯು ನೀರಿನಲ್ಲಿ ಅಥವಾ ತೇವವಿರುವಲ್ಲಿ ಲೋಳೆಯಂತಹ ಮೊಟ್ಟೆಗಳನ್ನಿಡುತ್ತದೆ. ಬಹುತೇಕ ಕಪ್ಪೆಗಳ ಮರಿಯು ಗೊದಮೊಟ್ಟೆಯಾಗಿ ಕಿವಿರಿನಿಂದ ಉಸಿರಾಡಿ ನಂತರ ರೂಪಾಂತರ ಹೊಂದುತ್ತದೆ. ಸರೀಸೃಪದ ಮೊಟ್ಟೆಗೆ ಹೊರಗೆ ಚಿಪ್ಪು, ಒಳಗೆ ಭ್ರೂಣವನ್ನು ಸುತ್ತುವರಿದ ದ್ರವ ತುಂಬಿದ ಚೀಲ, ಆಹಾರಕ್ಕೆ ಭಂಡಾರ ಹಾಗೂ ಕಶ್ಮಲಕ್ಕೆ ಪ್ರತ್ಯೇಕ ಚೀಲವಿರುತ್ತವೆ. ಎಂದರೆ, ಭ್ರೂಣವು ಬೆಳೆಯಬೇಕಾದ ಕೊಳವು ಮೊಟ್ಟೆಯೊಳಗೇ ಇರುತ್ತದೆ. ಸುಮಾರು 31 ಕೋಟಿ ವರ್ಷಗಳಿಗೂ ಹಿಂದೆ ಈ ಬಗೆಯ ಮೊಟ್ಟೆ ಬಂದದ್ದರಿಂದಲೇ ಬೆನ್ನೆಲುಬುಳ್ಳ ಪ್ರಾಣಿಗಳು ನೀರಿನ ಹಂಗು ತೊರೆದು ಒಣನೆಲದಲ್ಲಿ ಹರಡಲು ಸಾಧ್ಯವಾಯಿತು. ಪಕ್ಷಿಗಳ ಹಾಗೂ ಸಸ್ತನಿಗಳ ಪೂರ್ವಜರಿಗೂ ಇದೇ ಬಗೆಯ ಮೊಟ್ಟೆಯಿದ್ದಿತು. ಮೊಟ್ಟೆಯಿಂದ ಹೊರಬಂದ ಹಾವಿನ ಮರಿಯು ಚಿಕ್ಕದಾದರೂ ಪೂರ್ಣರೂಪದ ಹಾವೇ ಆಗಿರುತ್ತದೆ. ವಿಷದ ಜಾತಿಯದಾದರೆ ಅದರಲ್ಲಿ ಅಂದಿನಿಂದಲೇ ವಿಷವೂ ಇರುತ್ತದೆ.

ಕಿಟಕಿಯ ಸಂದಿನಲ್ಲಿ ಸಿಗುವ ಹಲ್ಲಿಯ ಮೊಟ್ಟೆಯ ಚಿಪ್ಪು ಗಡುಸಾಗಿದ್ದರೆ, ಹಾವಿನ ಮೊಟ್ಟೆಯ ಚಿಪ್ಪು ಚರ್ಮದಂತೆ ಮೆತುವಾಗಿರುತ್ತದೆ. ಎಲ್ಲ ಹಾವುಗಳೂ ಮೊಟ್ಟೆಯಿಡುತ್ತವೆ ಎನ್ನುವಂತಿಲ್ಲ. ನಾಗರ ಹಾವು, ಕೇರೆ ಹಾವುಗಳು ಮೊಟ್ಟೆಯಿಟ್ಟರೆ, ಕೊಳಕು ಮಂಡಲವು ಮೊಟ್ಟೆಗಳನ್ನು ಒಡಲಿನಲ್ಲಿಯೇ ಉಳಿಸಿಕೊಂಡು ಮರಿಗಳನ್ನು ಈಯುತ್ತದೆ. ಮನೆಗಳ ಹೂಕುಂಡಗಳ ಮಣ್ಣಿನಲ್ಲಿ ಸಿಗುವ, ಎರೆಹುಳುವಿನಂತಹ ಹುಳುಹಾವಿನ ಸಂಗತಿ ಇನ್ನೂ ವಿಶೇಷವಾದುದು. ಅದರಲ್ಲಿ ಗಂಡುಗಳೇ ಇಲ್ಲ; ಹೆಣ್ಣು ಗಂಡಿನ ನೆರವಿಲ್ಲದೆಯೇ ಸಂತಾನ ಪಡೆಯುತ್ತದೆ.

ಮೊಸಳೆಗಳಲ್ಲಿಯೂ ಬಹುತೇಕ ಆಮೆಗಳಲ್ಲಿಯೂ ಮರಿಯು ಗಂಡೋ ಹೆಣ್ಣೋ ಎಂಬುದು ಮೊಟ್ಟೆ ಹುಗಿದ ಮರಳಿನ ಉಷ್ಣತೆಯಿಂದ ನಿರ್ಧಾರವಾಗುತ್ತದೆ. ಕಡಲಾಮೆಗಳಲ್ಲಿ ಮರಳು ಹೆಚ್ಚು ಬಿಸಿಯಾದಷ್ಟೂ ಹೆಣ್ಣುಮರಿಗಳ ಪ್ರಮಾಣ ಅಧಿಕವಾಗುತ್ತದೆ. ಭೂಮಿಯ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ಇದು ಚಿಂತೆಗೆ ಕಾರಣವಾಗಿರುವ ವಿಷಯವಾಗಿದೆ.

ದೇಹದ ಉಷ್ಣತೆ

ಶಾಲಾ ಪಠ್ಯಗಳಲ್ಲಿ ಸರೀಸೃಪಗಳನ್ನು ‘ಶೀತರಕ್ತ ಪ್ರಾಣಿಗಳು’ ಎನ್ನುವುದು ವಾಡಿಕೆ. ಈ ಪದವು ತಪ್ಪು ಗ್ರಹಿಕೆಗೆ ಎಡೆಮಾಡುತ್ತದೆ. ಬಿಸಿಲು ಕಾಯಿಸಿಕೊಂಡ ಓತಿಕ್ಯಾತನ ರಕ್ತವು ನಮ್ಮ ರಕ್ತದಷ್ಟೇ ಬೆಚ್ಚಗಿರಬಹುದು. ಭೇದವಿರುವುದು ಶಾಖದ ಮೂಲದಲ್ಲಿ. ಸಸ್ತನಿ ಮತ್ತು ಪಕ್ಷಿಗಳು ಉಂಡ ಆಹಾರವನ್ನು ದಹಿಸಿ ಒಳಗಿನಿಂದಲೇ ಶಾಖವನ್ನು ಉತ್ಪಾದಿಸುತ್ತವೆ. ಸರೀಸೃಪಗಳು ಬಿಸಿಲು, ಬಂಡೆ, ನೆಲಗಳಿಂದ ಶಾಖವನ್ನು ಪಡೆಯುತ್ತವೆ. ರಂಗನತಿಟ್ಟಿನಲ್ಲಿ ಬಂಡೆಗಳ ಮೇಲೆ ಮೊಸಳೆಗಳು ಬಾಯಿ ತೆರೆದು ಮಲಗಿರುವುದನ್ನು ದೋಣಿಯಿಂದ ನೋಡಿದವರು ಅವು ಯಾರನ್ನೋ ನುಂಗಲು ಕಾದಿವೆ ಎಂದು ಭಾವಿಸುವುದುಂಟು. ಅವು ಮೈ ಕಾಯಿಸಿಕೊಳ್ಳುತ್ತಿದ್ದು, ಹೆಚ್ಚಾದ ಶಾಖವನ್ನು ಬಾಯಿಯ ಮೂಲಕ ಹೊರಬಿಡುತ್ತಿರುತ್ತವೆ.

ಈ ವ್ಯವಸ್ಥೆಯ ಲಾಭವೆಂದರೆ ಮಿತವ್ಯಯ. ಅದೇ ಗಾತ್ರದ ಸಸ್ತನಿಗೆ ಬೇಕಾಗುವ ಆಹಾರದ ಹತ್ತರಲ್ಲೊಂದು ಭಾಗದಷ್ಟರಲ್ಲಿ ಸರೀಸೃಪವು ಜೀವನ ಸಾಗಿಸಬಲ್ಲದು. ಒಂದು ದೊಡ್ಡ ಬೇಟೆಯನ್ನು ನುಂಗಿದ ಹೆಬ್ಬಾವು ಅನೇಕ ವಾರಗಳವರೆಗೆ ಆಹಾರವಿಲ್ಲದೆ ಇರುತ್ತದೆ. ನಷ್ಟವೆಂದರೆ ಚಳಿಯಲ್ಲಿ ಮೈ ಜಡವಾಗುವುದು. ಮಾಗಿಯ ಬೆಳಗಿನಲ್ಲಿ ಹಾವುಗಳು ಅಪರೂಪವಾಗಿ, ಮುಂಗಾರಿನ ಹೊತ್ತಿಗೆ ಹೇರಳವಾಗಿ ಕಾಣಿಸಿಕೊಳ್ಳಲು ಇದೂ ಒಂದು ಕಾರಣ. ಮಳೆಗಾಲದಲ್ಲಿ ಬಿಲಗಳಿಗೆ ನೀರು ನುಗ್ಗುವುದು, ಕಪ್ಪೆ ಇಲಿಗಳ ಓಡಾಟ ಹೆಚ್ಚುವುದು ಉಳಿದ ಕಾರಣಗಳಾಗಿವೆ.

ಪಕ್ಷಿ ಹಾಗೂ ಸಸ್ತನಿಗಳೊಡನೆ ಹೋಲಿಕೆ

ಸಸ್ತನಿಗಳಿಗೆ ಕೂದಲಿರುತ್ತದೆ, ಅವು ಮರಿಗಳಿಗೆ ಹಾಲೂಡಿಸುತ್ತವೆ. ಈ ಎರಡೂ ಗುಣಗಳು ಸರೀಸೃಪಗಳಲ್ಲಿಲ್ಲ. ಎಲುಬಿನಲ್ಲಿಯೂ ಸ್ಪಷ್ಟವಾದ ಭೇದವಿದೆ. ಸಸ್ತನಿಯ ಕೆಳದವಡೆಯ ಪ್ರತಿ ಪಾರ್ಶ್ವವೂ ಒಂದೇ ಮೂಳೆಯದಾಗಿದ್ದು, ನಡುಗಿವಿಯಲ್ಲಿ ಮೂರು ಪುಟ್ಟ ಮೂಳೆಗಳಿರುತ್ತವೆ. ಸರೀಸೃಪದಲ್ಲಿ ದವಡೆಯು ಹಲವು ಮೂಳೆಗಳ ಜೋಡಣೆಯಾಗಿದ್ದು, ಕಿವಿಯಲ್ಲಿರುವುದು ಒಂದೇ ಮೂಳೆ. ಹೃದಯವು ಬಹುತೇಕ ಸರೀಸೃಪಗಳಲ್ಲಿ ಮೂರು ಕೋಣೆಗಳದು. ಮೊಸಳೆಗೆ ಮಾತ್ರ ನಮ್ಮಂತೆ ಪೂರ್ಣವಾದ ನಾಲ್ಕು ಕೋಣೆಗಳಿವೆ.

ಪಕ್ಷಿಗಳ ವಿಷಯ ಅಷ್ಟು ಸರಳವಾಗಿಲ್ಲ. ಗರಿ ಮತ್ತು ಬಿಸಿರಕ್ತಗಳಿಂದ ಅವು ಬೇರೆಯಾಗಿ ಕಂಡರೂ, ಮೊಸಳೆಗೆ ಹಲ್ಲಿಗಿಂತ ಹತ್ತಿರದ ರಕ್ತಸಂಬಂಧಿ ಪಕ್ಷಿಯೇ ಆಗಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅಳಿದ ಡೈನೋಸಾರುಗಳ ಒಂದು ಶಾಖೆಯೇ ಪಕ್ಷಿಗಳಾಗಿ ಉಳಿದುಬಂದಿದೆ. ಈ ಕಾರಣದಿಂದ ವಂಶಾವಳಿಯನ್ನು ಆಧರಿಸಿ ವರ್ಗೀಕರಿಸುವ ಇಂದಿನ ಜೀವವಿಜ್ಞಾನಿಗಳು ಪಕ್ಷಿಗಳನ್ನೂ ಸರೀಸೃಪಗಳ ಕುಲದಲ್ಲಿಯೇ ಎಣಿಸುತ್ತಾರೆ. ನಿತ್ಯವ್ಯವಹಾರದಲ್ಲಿಯೂ ಕಾನೂನಿನಲ್ಲಿಯೂ ಹಳೆಯ ವಿಂಗಡಣೆಯೇ ರೂಢಿಯಲ್ಲಿದ್ದು, ಈ ಲೇಖನದಲ್ಲಿ ಅದನ್ನೇ ಅನುಸರಿಸಲಾಗಿದೆ.

ಹಾವೆಂದು ಭ್ರಮಿಸಲಾಗುವ ಜೀವಿಗಳು

ಮಲೆನಾಡಿನ ಅಡಿಕೆ ತೋಟಗಳಲ್ಲಿ ಗೊಬ್ಬರದ ಗುಂಡಿ ಅಗೆಯುವಾಗ ಮೈಯೆಲ್ಲ ಉಂಗುರಗಳಿರುವ, ಕಾಲಿಲ್ಲದ, ನುಣುಪಾದ ಜೀವಿಯೊಂದು ಸಿಗುವುದುಂಟು. ಇದು ಹಾವಲ್ಲ, ಎರೆಹುಳುವೂ ಅಲ್ಲ. ಸಿಸಿಲಿಯನ್ ಎಂಬ ಉಭಯಚರ, ಎಂದರೆ ಕಪ್ಪೆಯ ಬಂಧು. ಹುರುಪೆ ಹೊದ್ದ ಒಣಮೈ ಇಲ್ಲದಿರುವುದೇ ಇದನ್ನು ಗುರುತಿಸುವ ಬಗೆ. ಕೆರೆಹೊಳೆಗಳ ಹಾವುಮೀನಿಗೆ ಕಿವಿರುಗಳಿರುತ್ತವೆ. ಹಾವುರಾಣಿಯು ಹೊಳೆಯುವ ಮೈಯ, ಚಿಕ್ಕ ಕಾಲುಗಳ ಹಲ್ಲಿಯ ಜಾತಿ. ಅದು ಮುಟ್ಟಿದರೆ ಸಾವು ಎಂಬ ಮಾತು ಹಲವೆಡೆ ಪ್ರಚಲಿತವಿದ್ದರೂ ಅದಕ್ಕೆ ವಿಷವಿಲ್ಲ.

ಕರ್ನಾಟಕದ ಕೆಲವು ಸರೀಸೃಪಗಳು

ಪಶ್ಚಿಮ ಘಟ್ಟಗಳ ಕಾಳಿಂಗ ಸರ್ಪವು ವಿಷದ ಹಾವುಗಳಲ್ಲೆಲ್ಲ ಉದ್ದವಾದ ಕುಲಕ್ಕೆ ಸೇರಿದುದು. ತರಗೆಲೆಗಳನ್ನು ಒಟ್ಟುಮಾಡಿ ಗೂಡು ಕಟ್ಟಿ ಮೊಟ್ಟೆಗಳನ್ನು ಕಾಯುವ ಹಾವು ಇದೊಂದೇ ಆಗಿದೆ. ಇದರ ಮುಖ್ಯ ಆಹಾರ ಇತರ ಹಾವುಗಳು. ಇವುಗಳ ಅಧ್ಯಯನಕ್ಕೆ ಹೆಸರಾದ ಮಳೆಕಾಡು ಸಂಶೋಧನಾ ಕೇಂದ್ರವು 2005ರಲ್ಲಿ ಆಗುಂಬೆಯಲ್ಲಿ ಸ್ಥಾಪನೆಯಾಯಿತು. ಏಷ್ಯಾದುದ್ದಕ್ಕೂ ಒಂದೇ ಪ್ರಭೇದವೆಂದು ತಿಳಿಯಲಾಗಿದ್ದ ಕಾಳಿಂಗವು ವಾಸ್ತವವಾಗಿ ನಾಲ್ಕು ಪ್ರಭೇದಗಳೆಂದು 2024ರಲ್ಲಿ ಪ್ರಕಟವಾಗಿದ್ದು, ಪಶ್ಚಿಮ ಘಟ್ಟಗಳ ಪ್ರಭೇದಕ್ಕೆ ‘ಓಫಿಯೋಫೇಗಸ್ ಕಾಳಿಂಗ’ ಎಂದು ನಾಮಕರಣ ಮಾಡಲಾಗಿದೆ. ಕನ್ನಡಿಗರು ತಲೆತಲಾಂತರದಿಂದ ಕರೆಯುತ್ತ ಬಂದ ಹೆಸರೇ ವೈಜ್ಞಾನಿಕ ನಾಮವಾಗಿರುವುದು ಸಂತೋಷದ ಸಂಗತಿ.

ಕರಾವಳಿ ಮತ್ತು ಮಲೆನಾಡಿನ ತೋಟಗಳಲ್ಲಿರುವ ಹಾರುವ ಓತಿಯು ಪಕ್ಕೆಲುಬುಗಳನ್ನು ಚಾಚಿ, ಅವುಗಳ ಮೇಲಿನ ಚರ್ಮವನ್ನು ಬಿಚ್ಚಿ, ಮರದಿಂದ ಮರಕ್ಕೆ ತೇಲಿಹೋಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಮೂಲಕ ಈ ಪ್ರಾಣಿ ಕನ್ನಡ ಓದುಗರಿಗೆ ಚಿರಪರಿಚಿತವಾಗಿದೆ. ಗೋಸುಂಬೆಯು ಬಣ್ಣ ಬದಲಿಸುವುದು ಕೇವಲ ಅಡಗಿಕೊಳ್ಳುವುದಕ್ಕಲ್ಲ. ಅದರ ಉದ್ವೇಗ ಮತ್ತು ದೇಹದ ಉಷ್ಣತೆಗಳೂ ಬಣ್ಣವನ್ನು ನಿರ್ಧರಿಸುತ್ತವೆ.

ಕಾವೇರಿ, ಕಾಳಿ, ಕೃಷ್ಣಾ, ತುಂಗಭದ್ರಾ ನದಿಗಳಲ್ಲಿ ಮೊಸಳೆಗಳಿವೆ. ಭಯಂಕರವೆನಿಸಿದ ಈ ಪ್ರಾಣಿಯ ತಾಯಿಯು ಮೊಟ್ಟೆಯೊಡೆಯುವ ಮರಿಗಳ ಕೂಗನ್ನು ಆಲಿಸಿ, ಮರಳನ್ನು ಅಗೆದು, ಮರಿಗಳನ್ನು ಬಾಯಲ್ಲಿಟ್ಟುಕೊಂಡು ನೀರಿಗೆ ಒಯ್ಯುತ್ತದೆ. ಉತ್ತರ ಕನ್ನಡ ಜಿಲ್ಲೆಯ ಮರಳುದಂಡೆಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಒಂದೊಂದು ಗುಂಡಿಯಲ್ಲಿ ಸುಮಾರು ನೂರು ಮೊಟ್ಟೆಗಳನ್ನಿಡುತ್ತವೆ. ಮರಿಗಳು ರಾತ್ರಿ ಹೊರಬಂದು ಸಮುದ್ರದ ಮೇಲಿನ ಬೆಳಕನ್ನು ಅನುಸರಿಸಿ ಸಾಗುವುದರಿಂದ, ದಂಡೆಯ ವಿದ್ಯುದ್ದೀಪಗಳು ಅವುಗಳನ್ನು ದಾರಿತಪ್ಪಿಸುತ್ತವೆ.

ಹಾವು ಕಡಿತ

ಭಾರತದಲ್ಲಿ 2000ದಿಂದ 2019ರವರೆಗಿನ ಅವಧಿಯಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನರು, ಎಂದರೆ ವರ್ಷಕ್ಕೆ ಸರಾಸರಿ 58,000 ಜನರು ಮೃತಪಟ್ಟಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಇವರಲ್ಲಿ ಬಹುಪಾಲು ಗ್ರಾಮೀಣರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಸಾವುಗಳಿಗೆ ಪ್ರಧಾನವಾಗಿ ಕಾರಣವಾಗುವ ಹಾವುಗಳು ನಾಲ್ಕು: ನಾಗರ ಹಾವು, ಕಟ್ಟು ಹಾವು, ಕೊಳಕು ಮಂಡಲ ಮತ್ತು ಗರಗಸ ಮಂಡಲ. ಇವುಗಳಲ್ಲಿ ಕಟ್ಟು ಹಾವಿನ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಅದು ರಾತ್ರಿ ಸಂಚರಿಸಿ, ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಸಾಮಾನ್ಯ. ಕಚ್ಚಿದ ಜಾಗದಲ್ಲಿ ನೋವಾಗಲಿ, ಬಾವಾಗಲಿ ಇಲ್ಲದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ಕಣ್ಣೆವೆ ಜೋತುಬಿದ್ದು, ಮಾತು ತೊದಲಿದರೆ ಅದನ್ನು ಅಜೀರ್ಣವೆಂದು ಭಾವಿಸದೆ ಕೂಡಲೇ ಆಸ್ಪತ್ರೆಗೆ ಸೇರಿಸತಕ್ಕದ್ದು. ಮಂಚದ ಮೇಲೆ, ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿಕೊಂಡು ಮಲಗುವುದು ಈ ಹಾವಿನಿಂದ ಉತ್ತಮ ರಕ್ಷಣೆ ನೀಡುತ್ತದೆ.

ವಿಷವಿಲ್ಲದ ತೋಳ ಹಾವನ್ನು ಕಟ್ಟು ಹಾವೆಂದು, ಮಣ್ಣುಮುಕ್ಕ ಜಾತಿಯ ಹಾವನ್ನು ಕೊಳಕು ಮಂಡಲವೆಂದು ಜನ ಕೊಲ್ಲುತ್ತಾರೆ. ತೋಳ ಹಾವಿನ ಪಟ್ಟೆಗಳು ಕತ್ತಿನ ಬಳಿ ಸ್ಪಷ್ಟವಾಗಿದ್ದು ಬಾಲದ ಕಡೆಗೆ ಮಾಸುತ್ತವೆ. ಕಟ್ಟು ಹಾವಿನಲ್ಲಿ ಇದಕ್ಕೆ ವಿರುದ್ಧವಾಗಿ ಪಟ್ಟೆಗಳು ತಲೆಯಿಂದ ಕೊಂಚ ಹಿಂದೆ ಆರಂಭವಾಗಿ ಬಾಲದವರೆಗೆ ಸ್ಪಷ್ಟವಾಗಿರುತ್ತವೆ. ಆದಾಗ್ಯೂ ಕಚ್ಚಿದ ಹಾವು ಯಾವುದೆಂದು ಸ್ವತಃ ನಿರ್ಧರಿಸಿ ಮನೆಯಲ್ಲಿಯೇ ಉಳಿಯುವುದು ಸಲ್ಲದು.

ಕಡಿತಕ್ಕೊಳಗಾದವರನ್ನು ಓಡಾಡಿಸಬಾರದು. ಉಂಗುರ, ಬಳೆ, ಕಾಲುಂಗುರ, ಗಡಿಯಾರಗಳನ್ನು ಬಾವು ಬರುವ ಮುನ್ನವೇ ತೆಗೆಯಬೇಕು. ಕೈಕಾಲು ಅಲುಗದಂತೆ ದಬ್ಬೆಯ ಆಧಾರ ನೀಡಿ, ಲಭ್ಯವಿರುವ ಯಾವುದೇ ವಾಹನದಲ್ಲಿ ಅಥವಾ 108 ಆಂಬ್ಯುಲೆನ್ಸಿನಲ್ಲಿ ಸಾಗಿಸಬೇಕು. ಗಾಯದ ಮೇಲ್ಭಾಗಕ್ಕೆ ಹಗ್ಗ ಬಿಗಿಯುವುದರಿಂದ ರಕ್ತಸಂಚಾರ ನಿಂತು ಅಂಗವನ್ನೇ ಕಳೆದುಕೊಳ್ಳಬೇಕಾಗಬಹುದು. ಗಾಯವನ್ನು ಕುಯ್ಯುವುದು, ಬಾಯಿಯಿಂದ ಹೀರುವುದು, ಸುಡುವುದು ಇವೆಲ್ಲವೂ ಅಪಾಯಕಾರಿ. ಮಂತ್ರ ಹಾಕಿಸಿಕೊಂಡು ಗುಣವಾದವರ ಕಥೆಗಳು ಪ್ರತಿ ಊರಿನಲ್ಲಿಯೂ ಇವೆ. ಕಚ್ಚಿದ ಹಾವು ವಿಷವಿಲ್ಲದ್ದಾಗಿದ್ದಾಗ, ಇಲ್ಲವೇ ವಿಷದ ಹಾವೇ ವಿಷವನ್ನು ಬಿಡದೆ ಕಚ್ಚಿದಾಗ, ರೋಗಿಯು ಏನೂ ಮಾಡದಿದ್ದರೂ ಬದುಕುತ್ತಾನೆ. ಆ ಕಥೆಗಳನ್ನು ನಂಬಿ ನಿಜವಾಗಿ ವಿಷವೇರಿದವನು ಕಳೆದುಕೊಳ್ಳುವ ಎರಡು ಮೂರು ಗಂಟೆಗಳು ಮರಳಿ ಬರುವುದಿಲ್ಲ.

ಹಾವನ್ನು ಹಿಡಿದು ತರುವ ಅವಶ್ಯಕತೆಯಿಲ್ಲ. ವೈದ್ಯರು ಲಕ್ಷಣಗಳನ್ನು ನೋಡಿ, ರೋಗಿಯ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇರಿಸಿ ಅದು ಹೆಪ್ಪುಗಟ್ಟುತ್ತದೆಯೇ ಎಂಬುದನ್ನು ಪರೀಕ್ಷಿಸಿ ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ. ಭಾರತದಲ್ಲಿ ತಯಾರಾಗುವ ಪ್ರತಿವಿಷವು ಮೇಲಿನ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಆಗಿದೆ. ಘಟ್ಟಗಳ ಕುಳಿ ಮಂಡಲಗಳ ವಿಷಕ್ಕೆ ಅದು ಪರಿಣಾಮಕಾರಿಯಲ್ಲದ ಕಾರಣ ಅಲ್ಲಿ ಬೇರೆ ಉಪಚಾರಗಳನ್ನು ಅನುಸರಿಸಲಾಗುತ್ತದೆ.

ಕೆಲವು ತಪ್ಪು ತಿಳಿವಳಿಕೆಗಳು

ಹಾಲು ಹಾವಿನ ಆಹಾರವಲ್ಲ. ದಿನಗಟ್ಟಲೆ ನೀರಿಲ್ಲದೆ ಇರಿಸಿದ ಹಾವು ಬಾಯಾರಿಕೆಯಿಂದ ಹಾಲನ್ನೂ ಕುಡಿಯುತ್ತದೆ, ಆನಂತರ ಅಸ್ವಸ್ಥವಾಗುತ್ತದೆ. ನಾಗಪೂಜೆಯನ್ನು ಕಲ್ಲಿಗೆ ಸಲ್ಲಿಸುವ ನಮ್ಮ ಹಿರಿಯರ ಪದ್ಧತಿಯಲ್ಲಿ ಈ ತೊಂದರೆಯಿಲ್ಲ. ಹಾವಾಡಿಗನ ಪುಂಗಿಯ ನಾದಕ್ಕಿಂತ ಅದರ ಚಲನೆಯನ್ನೇ ಹಾವು ಅನುಸರಿಸುತ್ತದೆ. ಕೇರೆ ಹಾವು ನಾಗರ ಹಾವಿನೊಡನೆ ಕೂಡುತ್ತದೆಂಬುದು ನಿಜವಲ್ಲ. ಹೆಣೆದುಕೊಂಡು ಮೇಲೇಳುವ ಆ ಜೋಡಿಯು ಸಾಮಾನ್ಯವಾಗಿ ಬಲಪರೀಕ್ಷೆಯಲ್ಲಿ ತೊಡಗಿದ ಎರಡು ಗಂಡು ಕೇರೆಗಳು. ಇಲಿಗಳನ್ನು ತಿನ್ನುವ ಕೇರೆಯನ್ನು ಕೊಂದ ರೈತನು ತನ್ನ ಬೆಳೆಯ ಕಾವಲನ್ನೇ ತೆಗೆದುಹಾಕಿದಂತಾಗುತ್ತದೆ. ‘ಎರಡು ತಲೆ ಹಾವಿಗೆ’ ಇರುವುದು ಒಂದೇ ತಲೆ, ಮತ್ತೊಂದು ಮೊಂಡು ಬಾಲ. ಅದೃಷ್ಟದ ಹೆಸರಿನಲ್ಲಿ ಇದನ್ನು ಮಾರುವವರೂ ಕೊಳ್ಳುವವರೂ ಇಬ್ಬರೂ ಅಪರಾಧಿಗಳು.

ಕಾನೂನಿನ ರಕ್ಷಣೆ

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅನ್ವಯ ಹೆಬ್ಬಾವು, ಉಡ, ಮೊಸಳೆ ಹಾಗೂ ಕಡಲಾಮೆಗಳು ಮೊದಲನೆಯ ಅನುಸೂಚಿಯಲ್ಲಿದ್ದು, ಅತ್ಯುನ್ನತ ರಕ್ಷಣೆ ಪಡೆದಿವೆ. 2022ರ ತಿದ್ದುಪಡಿಯ ನಂತರ ಈ ಅನುಸೂಚಿಯ ಪ್ರಾಣಿಗಳನ್ನು ಬೇಟೆಯಾಡಿದವರಿಗೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ ವಿಧಿಸಲಾಗುತ್ತದೆ. ಸಾಕುಪ್ರಾಣಿಯಾಗಿ ಕಳ್ಳಸಾಗಣೆಯಾಗುವ ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು 2019ರಲ್ಲಿ ನಿಷೇಧಿಸಲಾಗಿದೆ. ಅದನ್ನು ಮನೆಯಲ್ಲಿ ಸಾಕುವುದಕ್ಕೂ ಅವಕಾಶವಿಲ್ಲ.

ಮನೆಯೊಳಗೆ ಹಾವು ಕಂಡುಬಂದಲ್ಲಿ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರವಿರಿಸಿ, ಹಾವು ಎಲ್ಲಿದೆಯೆಂಬುದನ್ನು ದೂರದಿಂದಲೇ ಗಮನಿಸುತ್ತ, ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಲು ಸಾರ್ವಜನಿಕರಲ್ಲಿ ವಿನಂತಿಸಲಾಗಿದೆ.